ಅರೆ ದಿವಾಳಿ, ಪೂರ್ತಿ ದಿವಾಳಿ

ದಿವಾಳಿಯಲ್ಲೂ ಬಗೆಗಳಿವೆ ಎಂಬುದು ನಲವತ್ತು ದಾಟುವವರೆಗೂ ನನಗೆ ಗೊತ್ತಿರಲಿಲ್ಲ. ಮೈಸೂರಿನಲ್ಲಿ ಯಾರಾದರೂ ದಿವಾಳಿಯಾದರೆ ಆದರು, ಅಷ್ಟೇ. ಯಾವ ನಮೂನೆಯದು ಎಂದು ಯಾರೂ ಕೇಳುತ್ತಿರಲಿಲ್ಲ. ಐರ್ಲೆಂಡಿಗೆ ಬಂದು ಎರಡು ನಮೂನೆ ನೋಡಿಬಿಟ್ಟೆ.

ಕಾರಣ ಕಾಫಿ. ಸ್ಯಾಂಡಿಫರ್ಡಿನಲ್ಲಿ ಕೋಡ್ ಬರೆದುಕೊಂಡಿದ್ದವನಿಗೆ, ಇಲ್ಲಿಯ ಪಾಸ್‌ಪೋರ್ಟ್ ಸಿಕ್ಕ ಹುರುಪಿನಲ್ಲಿ, ಡನ್ ಲಿಯರಿಯ ಕಡಲ ದಂಡೆಯಲ್ಲಿ ಫಿಲ್ಟರ್ ಕಾಫಿ ಮಾರುವ ಆಸೆ ಹುಟ್ಟಿತು. ಸಾಲ ಮಾಡಿ ವ್ಯಾನ್ ಕೊಂಡೆ. ವಾಕಿಂಗಿಗೆ ಬಂದವರು ಘಮವನ್ನು ಮನಸಾರೆ ಹೊಗಳಿ, ಪಕ್ಕದಂಗಡಿಯಲ್ಲಿ ಟೀ ಕುಡಿದರು. ಎರಡು ಚಳಿಗಾಲದಲ್ಲಿ ವ್ಯಾನ್ ಹೋಯಿತು, ಸಾಲ ಉಳಿಯಿತು.

ಮೊದಲ ನಮೂನೆ ಸಭ್ಯವಾದದ್ದು. ಸಾಲ ಕೊಟ್ಟವರನ್ನು ಒಪ್ಪಿಸಿ ಐದು ವರ್ಷ ತಿಂಗಳಿಗಿಷ್ಟು ಎಂದು ಕಟ್ಟಿದರೆ, ಉಳಿದದ್ದು ಮನ್ನಾ. ಹೆಸರೂ ದಿವಾಳಿಯಲ್ಲ, ‘ಒಪ್ಪಂದ’. ಆ ಹೆಸರಿಗೇ ನಾನು ಜೋತುಬಿದ್ದೆ. ಮೂರನೆಯ ವರ್ಷ ಕೋಡ್ ಬರೆಯುವ ಕೆಲಸ ಹೋಗಿ, ಕಡಿಮೆ ಸಂಬಳದ ಇನ್ನೊಂದು ಸಿಕ್ಕಿತು. ಕಂತು ತಪ್ಪಬಾರದೆಂದು ಮನೆಯ ಹೀಟಿಂಗ್ ನಿಲ್ಲಿಸಿದೆ. ಮಗಳು ಅನನ್ಯ ಕೋಟು ಹಾಕಿಕೊಂಡೇ ಹೋಮ್‌ವರ್ಕ್ ಮಾಡುತ್ತಿದ್ದಳು.

“ಚಳಿ ಆಗ್ತಿದ್ಯಾ ಪುಟ್ಟಿ?”

“ಐ ಆಮ್ ಗ್ರ್ಯಾಂಡ್, ಅಪ್ಪ,” ಎಂದಳು; ‘ಏನೂ ತೊಂದರೆಯಿಲ್ಲ’ ಎನ್ನಲು ಇಲ್ಲಿಯವರು ಹೇಳುವುದು ಹಾಗೆ. ಪೆನ್ಸಿಲ್ ಹಿಡಿದ ಬೆರಳು ಮರಗಟ್ಟಿತ್ತು.

ಹೆಂಡತಿ ಸುಮತಿ ಅದನ್ನು ನೋಡಿದಳು. “ಮರ್ಯಾದೆ ನಿಮ್ದು, ಚಳಿ ಮಗೂಗೆ. ಇದ್ಯಾವ ನ್ಯಾಯ ರೀ? ನಾಳೆನೇ ಒಪ್ಪಂದ ಮಾಡಿಸಿದ್ಳಲ್ಲ, ಆ ಸಲಹೆಗಾರ್ತಿ ಹತ್ರ ಹೋಗಿ.”

ಹೋದೆ. ಸಲಹೆಗಾರ್ತಿ ಮೌರೀನ್ ಬಿಸ್ಕತ್ತಿನ ತಟ್ಟೆ ಮುಂದಿಟ್ಟು, ಕೋರ್ಟಿನಲ್ಲಿ ಪೂರ್ತಿ ದಿವಾಳಿಗೆ ಅರ್ಜಿ ಹಾಕಿ ಎಂದಳು. ಮನೆ ಖರ್ಚು ಕಳೆದು ಸಂಬಳದಲ್ಲಿ ಏನಾದರೂ ಮಿಕ್ಕರಷ್ಟೇ ಕೊಡುವುದು. ಒಂದೇ ವರ್ಷದಲ್ಲಿ ದಿವಾಳಿತನದಿಂದ ಬಿಡುಗಡೆ.

“ಒಂದೇ ವರ್ಷವೇ? ಮೊದಲೇ ಯಾಕೆ ಹೇಳಲಿಲ್ಲ?”

“ಹೇಳಿದ್ದೆ. ನೀವು ಆ ಪದ ಕೇಳಿಯೇ ಎದ್ದು ನಿಂತಿರಿ.”

ನಿಜ. ಒಂದು ಪದಕ್ಕೆ ಹೆದರಿ ಎರಡೂವರೆ ವರ್ಷ ಕಂತು ಕಟ್ಟಿದ್ದೆ. ಮನುಷ್ಯ ಹೆಸರಿಗೆ ಇಷ್ಟು ಬಾಡಿಗೆ ಕೊಡುತ್ತಾನಲ್ಲ ಎಂದು ನನ್ನ ಬಗ್ಗೆಯೇ ಕುತೂಹಲ ಹುಟ್ಟಿತು.

ಕೋರ್ಟಿಗೆ ಮದುವೆಯ ಸೂಟು ಹಾಕಿಕೊಂಡು ಹೋದೆ. ಅವಮಾನಕ್ಕೆ ವಾರವೆಲ್ಲ ತಯಾರಾಗಿದ್ದೆ. ನ್ಯಾಯಾಧೀಶರು ಕೆಲವೇ ನಿಮಿಷದಲ್ಲಿ ಮುಗಿಸಿದರು. ಯಾರೂ ತಿರುಗಿ ನೋಡಲಿಲ್ಲ. ಸ್ವಲ್ಪ ಬೇಸರವೇ ಆಯಿತೆನ್ನಬೇಕು.

ಸಂಜೆ ಮನೆ ಬೆಚ್ಚಗಿತ್ತು. “ಇನ್ನು ಒಂದು ವರ್ಷ, ನಾನು ದಿವಾಳಿ ಅಂತ ಮೊದಲೇ ಹೇಳದೆ ದೊಡ್ಡ ಸಾಲ ಕೇಳೋ ಹಾಗಿಲ್ಲ,” ಎಂದೆ ಗಂಭೀರವಾಗಿ.

“ಈ ಕಾನೂನು ನಮ್ಮ ಮದುವೆ ದಿನಾನೇ ಬರ್ಬೇಕಿತ್ತು,” ಎಂದು ಸುಮತಿ ನಕ್ಕಳು. ಆ ಮನೆಯಲ್ಲಿ ಅವಳ ನಗು ಕೇಳಿ ಎಷ್ಟು ದಿನವಾಗಿತ್ತು ಎಂದು ಲೆಕ್ಕ ಹಾಕಲು ಹೊರಟೆ. ಆಮೇಲೆ ಬಿಟ್ಟು, ನಾನೂ ನಕ್ಕೆ.