ಹಗೇವಿನ ಮೇಲಿನ ಕುಳ್ಳಿನ ಬಣವಿ

ಆಗೆಲ್ಲ ನಮ್ಮ ಕಡೆ ಮನೆಯ ಸಿರಿವಂತಿಕೆ ನೆಲದ ಕೆಳಗಿರುತ್ತಿತ್ತು. ಮೇಲೆ ಕಾಣುವುದೆಂದರೆ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಕಟ್ಟೆಯ ಮೇಲೊಂದು ನೀರಿನ ಹರವಿ, ಬೇವಿನ ಗಿಡಕ್ಕೆ ಕಟ್ಟಿದ ಆಕಳು. ಅಷ್ಟನ್ನೇ ನೋಡಿ ಬಡವರ ಮನೆ ಎಂದುಕೊಂಡು ಹೋದರೆ ಅದು ಹೋದವರ ತಪ್ಪು. ವರ್ಷದ ಜೋಳವೆಲ್ಲ ಅಂಗಳದ ಹಗೇವಿನಲ್ಲಿ ತಣ್ಣಗೆ ಮಲಗಿರುತ್ತಿತ್ತು. ಹಗೇವು ಎಂದರೆ ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕು. ಅದೊಂದು ಆಳವಾದ ಕುಣಿ. ಬಾಯಿ ಒಬ್ಬ ಆಳು ಇಳಿಯುವಷ್ಟೇ, ಒಳಗಿನ ಹೊಟ್ಟೆ ಮಾತ್ರ ಗಡಿಗೆಯ ಹಾಗೆ ಅಗಲ. ಸುತ್ತ ಜೋಳದ ಕಣಿಕೆ ಹೊಂದಿಸಿ, ಕಾಳು ತುಂಬಿ, ಮೇಲೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಹಗೇವು ಎಲ್ಲಿದೆಯೆಂದು ಮನೆಯವರಿಗೆ, ಅದಕ್ಕೆ ಇಳಿಯುವವರಿಗೆ ಅಲ್ಲದೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ.

ನಮ್ಮೂರು ಕಲ್ಯಾಣಿಯಿಂದ ಹುಮನಾಬಾದಿಗೆ ಹೋಗುವ ಬಂಡಿದಾರಿಯ ಬದಿಗಿತ್ತು. ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎಂದೇ ಕರೆಯುತ್ತಿದ್ದರು. ಬೇಸಿಗೆ ಮುಗಿಯುತ್ತ ಬಂದು ಮಿರ್ಗದ, ಅಂದರೆ ಮೃಗಶಿರದ, ಮಳೆಗೆ ಇನ್ನೇನು ಕೆಲವೇ ದಿನ ಉಳಿದವು ಎನ್ನುವಾಗ ನಮ್ಮ ಮನೆಯಲ್ಲಿ ಕೈಗೆ ಬಿಡುವಿರುತ್ತಿರಲಿಲ್ಲ. ಮಾಳಿಗೆಗೆ ಹೊಸ ಮಣ್ಣು ಏರಿಸಬೇಕು. ಸೌದೆ, ಸಗಣಿ ತಟ್ಟಿ ಒಣಗಿಸಿದ ಕುಳ್ಳು ಒಳಗೆ ಸೇರಬೇಕು. ಅವ್ವ ಮಾವಿನಕಾಯಿ ಹೆಚ್ಚುತ್ತ ಕೂತರೆ ಅಂಗಳವೆಲ್ಲ ಹುಳಿ ಹುಳಿ ವಾಸನೆ. ಹೊರಸಿನ ಮೇಲೆ ಒಣಹಾಕಿದ ಶ್ಯಾವಿಗೆಗೆ ಕಾಗೆ ಕಾಯುವುದು ನನ್ನ ಕೆಲಸ. ಕಾಗೆಗಿಂತ ನಾನೇ ಹೆಚ್ಚು ತಿನ್ನುತ್ತೇನೆಂದು ನನ್ನ ಅಜ್ಜಿ, ಅಂದರೆ ನಾವು ಆಯಿ ಎಂದು ಕರೆಯುತ್ತಿದ್ದವಳು, ದಿನಕ್ಕೊಮ್ಮೆ ಬೈಯುತ್ತಿದ್ದಳು.

ಈ ಎಲ್ಲದರ ನಡುವೆ ಹಗೇವು ತೆಗೆಯುವ ದಿನ ನನ್ನ ಪಾಲಿಗೆ ಹಬ್ಬ. ಅದಕ್ಕೆ ಪಕ್ಕದ ಮನೆಯ ದಸ್ತಗೀರಸಾಬ ಬರಲೇಬೇಕು. ಅವನು ಪಿಂಜಾರ, ಗಾದಿಗೆ ಹತ್ತಿ ಹಿಂಜುವವನು. ಬೆಳಗಾಗುತ್ತಲೇ ಅವನ ಬಿಲ್ಲಿನ ಟಂಯ್ ಟಂಯ್ ಸದ್ದು ಕೇಳಿಯೇ ನಾನು ಏಳುತ್ತಿದ್ದುದು. ಅವನದು ಕಡ್ಡಿಯಂಥ ಮೈ. ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ಕಂದೀಲು ಆರದೆ ಉರಿದರೆ ದಸ್ತಗೀರಸಾಬ ‘ಬಿಸ್ಮಿಲ್ಲಾ’ ಎಂದು ಇಳಿಯುತ್ತಿದ್ದ. ನಾನು ಬೋರಲು ಬಿದ್ದು ಬಾಯೊಳಗೆ ತಲೆ ಹಾಕಿ ಕೂಗುತ್ತಿದ್ದೆ:

‘ಕಾಕಾ, ಒಳಗ ಏನೈತಿ?’

‘ನಿನ್ನ ಗಂಡ ಕುಂತಾನ ಬೇಟಾ. ಲಗ್ನ ಯಾವಾಗ ಅಂತ ಕೇಳಾಕತ್ತಾನ!’

ಕೊಡದೊಳಗಿಂದ ಬಂದಂತಿರುತ್ತಿದ್ದ ಆ ದನಿಗೆ ಎಲ್ಲರೂ ನಗುತ್ತಿದ್ದರು. ಮೊದಲ ಬುಟ್ಟಿ ಮೇಲೆ ಬಂದ ಕೂಡಲೇ ಆಯಿ ಒಂದು ಮೊರ ತುಂಬ ಜೋಳ ಹಾಕಿ ನನ್ನ ತಲೆಯ ಮೇಲಿಡುತ್ತಿದ್ದಳು. ಹಗೇವಿಗೆ ಇಳಿದವರ ಮನೆಗೆ ಮೊದಲ ಮೊರ ಹೋಗಬೇಕು, ಅದಾದಮೇಲೆಯೇ ನಮ್ಮ ಬೀಸುವ ಕಲ್ಲಿಗೆ. ನಾನು ಅದನ್ನು ಹೊತ್ತು ದಸ್ತಗೀರಸಾಬನ ಹೆಂಡತಿ ಹುಸೇನಬೀ ಕೈಗೆ ಕೊಡುತ್ತಿದ್ದೆ. ಅವಳು ಖಾಲಿ ಮೊರ ತಿರುಗಿಸುವವಳಲ್ಲ. ಬೆಲ್ಲವೋ ಪುಠಾಣಿಯೋ ಏನಾದರೊಂದು ಅದರಲ್ಲಿ ಬೀಳುತ್ತಿತ್ತು. ಮನೆ ಮುಟ್ಟುವುದರೊಳಗೆ ಅದು ಮುಗಿದಿರುತ್ತಿತ್ತು.

ಆಮೇಲೆ ನಿಜಾಮನ ಕಡೆಯ ರಜಾಕಾರರ ಗದ್ದಲದ ವರ್ಷ ಬಂತು. ಹತ್ತಿರದ ಗೋರ್ಟಾದಲ್ಲಿ ಅವರು ನೂರಾರು ಜನರನ್ನು ಕೊಂದ ಸುದ್ದಿ ಬಂದ ದಿನ ಅಪ್ಪ ಊಟದ ತಾಟು ಹಾಗೇ ಬಿಟ್ಟು ಎದ್ದ. ಆ ವರ್ಷದ ಜೋಳ ಹಗೇವು ಸೇರಿತ್ತು, ಇನ್ನೂ ತೆಗೆದಿರಲಿಲ್ಲ. ಜೋಳ ತೆಗೆಯಲು ವೇಳೆ ಎಲ್ಲಿ? ಕೈಗೆ ಸಿಕ್ಕಷ್ಟು ಗಂಟು ಕಟ್ಟಿಕೊಂಡು ನಾವು ಸರಹದ್ದು ದಾಟಿ ಸೊಲ್ಲಾಪುರದ ಕಡೆ ಹೊರಟೆವು. ಆಯಿ ಆಕಳ ಹಗ್ಗವನ್ನು ಹುಸೇನಬೀ ಕೈಯಲ್ಲಿಟ್ಟು ಅತ್ತಳು.

‘ಫಿಕೀರ್ ಮಾಡಬ್ಯಾಡ್ರಿ ಅಮ್ಮಾ,’ ಎಂದಳು ಹುಸೇನಬೀ. ‘ನೀವು ಹೋಗಿ ಬರ್ರಿ. ಮನಿ ಕಡೆ ನಾ ಅದೀನಿ.’

ಸೊಲ್ಲಾಪುರದಲ್ಲಿ ಅಪ್ಪ ಹತ್ತಿಯ ಗಿರಣಿಯಲ್ಲಿ ಗಂಟು ಹೊತ್ತ. ಹಿಂದೂಸ್ತಾನದ ಮಿಲ್ಟ್ರಿ ಬಂದು ಗದ್ದಲ ಮುಗಿಯಿತು ಎಂಬ ಸುದ್ದಿ ಬಂದಮೇಲೂ ಅವನಿಗೆ ಧೈರ್ಯವಾಗಲಿಲ್ಲ. ಒಂದೇ ಕೋಣೆ, ಕೊಂಡು ತಂದ ಹಿಟ್ಟು, ಪಾಳಿ ಹಚ್ಚಿ ಹಿಡಿಯುವ ನೀರು. ಅಲ್ಲಿ ನನಗೆ ಯಾವುದೂ ಸೇರಲಿಲ್ಲ. ಮರುವರ್ಷ ಬೇಸಿಗೆಯ ಕೊನೆಗೆ, ಇನ್ನೊಂದು ವರ್ಷ ಹೊಲ ಬೀಳು ಬಿಟ್ಟರೆ ನಮ್ಮದಾಗಿ ಉಳಿಯುವುದಿಲ್ಲವೆಂದು ಆಯಿ ಹಟ ಹಿಡಿದಳು. ಬಾಡಿಗೆ ಬಂಡಿಯಲ್ಲಿ ಹೊರಟೆವು. ಅಪ್ಪ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದ:

‘ಹಗೇವಿನ್ಯಾಗ ಜ್ವಾಳ ಇದ್ರ ಇಲ್ಲೇ ಇರೂಣು. ಇಲ್ದಿದ್ರ ತಿರುಗಿ ಗಿರಣಿಗೇ ಹೋಗೂದು. ಮುಂದಿನ ಸುಗ್ಗಿತನಕ ಏನು ಮಣ್ಣು ತಿನ್ನೂಣೇನು?’

ಅವನು ಹಾಗೆಂದಾಗಲೆಲ್ಲ ನಾನು ದೇವರಿಗೆ ಕೈ ಮುಗಿದೆ. ನನಗೆ ಜೋಳದ ಚಿಂತೆಯಲ್ಲ, ಆ ಕೋಣೆಗೆ ತಿರುಗಿ ಹೋಗುವ ಭಯ.

ಮನೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಮಾಳಿಗೆಯ ಅರ್ಧ ಕುಸಿದು ಒಳಗೆ ಬಿಸಿಲು ಬಿದ್ದಿತ್ತು. ಬೇವಿನ ಗಿಡವನ್ನು ಯಾರೋ ಕಡಿದೊಯ್ದಿದ್ದರು. ಅಂಗಳದ ನಡುವೆ, ಸರಿಯಾಗಿ ಹಗೇವಿನ ಬಾಯಿಯ ಮೇಲೆ, ಆಳೆತ್ತರದ ಕುಳ್ಳಿನ ಬಣವಿ ಎದ್ದು ನಿಂತಿತ್ತು. ಮೇಲೆಲ್ಲ ಸಗಣಿ ಸಾರಿಸಿದ್ದರು.

ಅಪ್ಪ ಅದನ್ನು ನೋಡಿದವನೇ ಬಂಡಿಯಿಂದ ಧುಮುಕಿದ. ‘ಯಾರದಿದು? ನಮ್ಮ ಅಂಗಳದಾಗ ಯಾರು ಕುಳ್ಳ ಒಟ್ಟಿದವರು?’

ನಮ್ಮನ್ನು ನೋಡಲು ಬಂದವರಲ್ಲಿ ಒಬ್ಬ ಹೇಳಿದ: ‘ಪಿಂಜಾರ ಹುಸೇನಬೀದು. ನೀವು ಹೋಗಿದ್ದೇ ತಡ, ಒಟ್ಟಾಕ ಶುರು ಮಾಡಿದಳು. ಈಗ ಅವರೂ ಇಲ್ಲ, ಮಿಲ್ಟ್ರಿ ಬಂದ ಮ್ಯಾಲ ಊರು ಬಿಟ್ರು. ಹಗೇವು ಬರಿದು ಮಾಡಿ ಮ್ಯಾಲ ಕುಳ್ಳ ಮುಚ್ಯಾರ ಬಿಡ್ರಿ.’

ಪಕ್ಕದ ಮನೆಯ ಬಾಗಿಲಿಗೆ ಚಿಲಕ ಹಾಕಿತ್ತು. ಹೊಸ್ತಿಲ ಮೇಲೆ ಧೂಳು. ಅಪ್ಪ ಆ ಬಾಗಿಲನ್ನು ನೋಡಿದ, ಬಣವಿಯನ್ನು ನೋಡಿದ, ಬಂಡಿಯ ಹತ್ತಿರ ಹೋಗಿ ‘ಗಂಟು ಇಳಸಬ್ಯಾಡ್ರಿ’ ಎಂದುಬಿಟ್ಟ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ‘ಅಕ್ಕ ತಂಗಿ ಹಂಗ ಇದ್ದೆವಲ್ಲ, ಆಕಿ ಹಿಂಗ ಮಾಡ್ತಾಳಾ?’ ಎಂದಳೇ ಹೊರತು, ಮಾಡಿಲ್ಲ ಎನ್ನುವ ಧೈರ್ಯ ಅವಳಿಗೂ ಬರಲಿಲ್ಲ.

ಆಯಿ ಮಾತ್ರ ಕೋಲೂರಿಕೊಂಡು ಬಣವಿಯ ಸುತ್ತ ತಿರುಗಿದಳು. ಗೋಡೆ ಸವರಿದ ಹಾಗೆ ಅದನ್ನು ಅಂಗೈಯಿಂದ ಸವರಿ ನೋಡಿದಳು. ಸಾರಿಸಿದ ಸಗಣಿಯ ಮೇಲೆ ಸಾಲು ಸಾಲು ಬೆರಳಿನ ಗೆರೆಗಳಿದ್ದವು. ಕುಳ್ಳು ತಟ್ಟುವ ಹೆಂಗಸರಿಗೆ ಒಬ್ಬರ ಕೈ ಒಬ್ಬರಿಗೆ ಗುರುತು.

‘ಆಕೀದೇ ಕೈ,’ ಎಂದಳು ಆಯಿ. ಆಮೇಲೆ ಅಪ್ಪನನ್ನು ಕರೆದಳು. ‘ಇಲ್ಲಿ ಬಾರೋ. ಇದು ಒಂದ್ ಕಡೆ ಆದ್ರೂ ಒಡದೈತೇನು ನೋಡು.’

‘ಇಲ್ಲ. ಅದಕ್ಕೇನೀಗ?’

‘ಅದಕ್ಕೇನಂತ ಕೇಳ್ತಿ. ಮಳಿಗಾಲ ಪೂರಾ ಆಕಿ ಒಲಿಗೆ ಏನು ಹಚ್ಚಿದಳು? ಮನಿ ಮುಂದ ಬಣವಿ ಇಟಗೊಂಡು ಒಂದು ಕುಳ್ಳನೂ ಯಾಕ ತಗೀಲಿಲ್ಲ? ಉರಿಯಾಕ ಒಟ್ಟಿದ್ದಲ್ಲೋ ಇದು, ಹಗೇವು ಯಾರಿಗೂ ಕಾಣಬಾರದಂತ ಒಟ್ಟಿದ್ದು.’

ಅಪ್ಪ ತಾನೂ ಬಣವಿಯ ಸುತ್ತ ಒಮ್ಮೆ ತಿರುಗಿದ. ಸ್ವಲ್ಪ ಹೊತ್ತಿಗೆ ತಾನೇ ಹೋಗಿ ಬಂಡಿಯಿಂದ ಗಂಟು ಇಳಿಸಿದ.

ಮರುದಿನ ಬೆಳಿಗ್ಗೆ ಬಣವಿ ಬಿಚ್ಚಿದೆವು. ಹೊರಪದರ ಒಡೆದು ಒಳಗಿನ ಕುಳ್ಳುಗಳನ್ನು ಅವ್ವ ತೆಗೆದು ಕೊಟ್ಟ ಹಾಗೆ ನಾನು ಕುಸಿಯದೆ ಉಳಿದ ಪಡಸಾಲೆಯಲ್ಲಿ ಒಟ್ಟಿದೆ. ಒಂದೊಂದರ ಮೇಲೂ ಐದು ಬೆರಳು. ಆ ಬೆರಳ ಗುರುತಿನಲ್ಲಿ ನನ್ನ ಬೆರಳು ಇಟ್ಟು ನೋಡಿದೆ, ಬಹಳ ಸಣ್ಣವಾದವು. ಆಯಿ ಒಂದನ್ನು ಮೂಸಿ, ‘ನಮ್ಮ ಆಕಳದ ಸಗಣಿ’ ಎಂದಳು. ಅದು ಹೇಗೆ ಗೊತ್ತಾಯಿತೋ ನನಗೆ ಇಂದಿಗೂ ತಿಳಿಯದು. ಹುಸೇನಬೀಗೆ ಸ್ವಂತ ದನ ಇರಲಿಲ್ಲವಾದ್ದರಿಂದ ಸರಿಯೇ ಇರಬೇಕು.

ತಳದಲ್ಲಿ ಮಣ್ಣು ಸಿಕ್ಕಿತು, ಮಣ್ಣಿನ ಕೆಳಗೆ ಚಪ್ಪಡಿ. ಹಿಂದಿನ ವರ್ಷ ಅಪ್ಪ ಮೆತ್ತಿದ ಮಣ್ಣು ಬಿರುಕು ಕೂಡ ಬಿಟ್ಟಿರಲಿಲ್ಲ. ಚಪ್ಪಡಿ ಸರಿಸಿದಾಗ ಒಳಗಿನಿಂದ ಬಿಸಿ ಗಾಳಿ, ಅದರ ಜೊತೆಗೆ ಹಗೇವಿನ ಜೋಳದ ಆ ಹುಳಿ ಮುಗ್ಗಲು ವಾಸನೆ ಬಂತು. ಆಯಿ ಕೋಲು ಕೈಬಿಟ್ಟು ಕುಳಿತಳು. ಬಿಸಿಲು ನೆತ್ತಿಗೆ ಬರುವವರೆಗೆ ಕಾದು ಕಂದೀಲು ಇಳಿಬಿಟ್ಟರು. ಉರಿಯಿತು.

ಆಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಳಿಯುವವನು ಇರಲಿಲ್ಲ. ಅಪ್ಪ ಯಾವತ್ತೂ ಹಗೇವಿಗೆ ಇಳಿದವನಲ್ಲ. ದೊಡ್ಡ ಮೈ, ಮೇಲಾಗಿ ಕತ್ತಲೆಗೆ ಹೆದರುತ್ತಿದ್ದ. ಹೆದರುವುದಿಲ್ಲವೆಂದು ಹೇಳುತ್ತಿದ್ದ, ಅದು ಬೇರೆ ಮಾತು. ಅಂದು ಸೊಂಟಕ್ಕೆ ಹಗ್ಗ ಬಿಗಿದು, ಭುಜ ತರಚಿಕೊಂಡು ಹೇಗೋ ಇಳಿದ. ನಾನು ಹಳೆಯ ಅಭ್ಯಾಸದಂತೆ ಬಾಯೊಳಗೆ ತಲೆ ಹಾಕಿ ಕೂಗಿದೆ:

‘ಅಪ್ಪಾ, ಒಳಗ ಏನೈತಿ?’

ಉತ್ತರ ಬರಲಿಲ್ಲ. ಅವ್ವ ಗಾಬರಿಯಿಂದ ಹಗ್ಗ ಜಗ್ಗಿದಳು. ‘ಅರಾಮ ಅದೀರೇನ್ರೀ? ಮಾತಾಡ್ರಿ!’

ಬಹಳ ಹೊತ್ತಿನ ಮೇಲೆ ಒಳಗಿಂದ ದನಿ ಬಂತು. ‘ಎಲ್ಲಾ ಐತಿ. ತುಂಬಿದ್ದು ತುಂಬಿದಂಗ ಐತಿ.’ ಅದರ ಹಿಂದೆಯೇ ಅಪ್ಪ ಅಳುವ ಸದ್ದು. ನನ್ನ ಅಪ್ಪ ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಕುಣಿಯೊಳಗೆ ಅದು ಮೂರು ಪಟ್ಟಾಗಿ ಕೇಳಿಸಿತು, ನಾನು ತಲೆ ಎತ್ತಿಕೊಂಡು ಅವ್ವನ ಹಿಂದೆ ಹೋಗಿ ನಿಂತೆ.

ಮೊದಲ ಬುಟ್ಟಿ ಮೇಲೆ ಬಂದಾಗ ಆಯಿ ಮೊರ ತರಿಸಿದಳು. ತುಂಬ ಜೋಳ ಹಾಕಿ ನನ್ನ ತಲೆಯ ಮೇಲಿಟ್ಟಳು.

‘ಆಯಿ, ಬಾಗಲಾ ಹಾಕ್ಯಾರ. ಅವರು ಇಲ್ಲ.’

‘ಗೊತ್ತೈತಿ. ಹೊಸ್ತಲದ ಮ್ಯಾಲ ಸುರುವಿ ಬಾ.’

ನಾನು ಸುರುವಿ ಬಂದೆ. ಖಾಲಿ ಮೊರ ಹಿಡಿದುಕೊಂಡು ತಿರುಗಿ ಬರುವಾಗ ನನಗೆ ಅಳು ಬಂತು. ಹಿಂದೆ ತಿರುಗಿ ನೋಡಿದರೆ ಗುಬ್ಬಿಗಳು ಆಗಲೇ ಇಳಿದಿದ್ದವು.

ಮಾಳಿಗೆಗೆ ಮಣ್ಣು ಏರಿಸುವುದರೊಳಗೆ ಒಂದು ಸಂಜೆ ಅಡ್ಡಮಳೆ ಹೊಡೆಯಿತು. ಆಲಿಕಲ್ಲು ಬೇರೆ. ಕಲಸಿಟ್ಟ ಮಣ್ಣು ಹರಿದುಹೋಯಿತು, ಅವ್ವನ ಶ್ಯಾವಿಗೆ ಮುದ್ದೆಯಾಯಿತು, ತಂದಿಟ್ಟ ಸೌದೆಯೆಲ್ಲ ತೊಯ್ದು ಹೋಯಿತು. ಮನೆಯಲ್ಲಿ ಒಣಗಿದ್ದೆಂದರೆ ಪಡಸಾಲೆಯಲ್ಲಿದ್ದ ಹುಸೇನಬೀಯ ಕುಳ್ಳುಗಳು ಮಾತ್ರ. ಅವನ್ನು ಒಲೆಗೆ ಹಾಕಲು ಅವ್ವನಿಗೆ ಕೈ ಬರಲಿಲ್ಲ.

‘ಹಚ್ಚಬೇ,’ ಎಂದಳು ಆಯಿ. ‘ಮಕ್ಕಳು ಹಸದು ಕುಂತ್ರ ಆಕಿಗೂ ಸೇರೂದಿಲ್ಲ.’

ಅಂದು ತಿಂದ ರೊಟ್ಟಿಗೆ ಹಗೇವಿನ ವಾಸನೆ ಇತ್ತು. ಆ ವಾಸನೆಯ ರೊಟ್ಟಿಯನ್ನು ಹಿಂದೆ ನಾನು ಮೂಗು ಮುಚ್ಚಿ ತಿನ್ನುತ್ತಿದ್ದೆ. ಅಂದು ಇನ್ನೊಂದು ಬೇಡಿ ತಿಂದೆ. ಅಪ್ಪ ಮಾತ್ರ ಅರ್ಧ ರೊಟ್ಟಿಗೇ ಕೈ ತೊಳೆದ.

ಮಳೆಯಾದ ಮೇಲೆ ಎದುರು ಮನೆಯ ಮಲ್ಲಪ್ಪ ಕಾಕಾ ಊರಿಗೆ ಬಂದ. ಮೇವು ತೀರಿದ್ದರಿಂದ ಅವನು ದನ ಹೊಡೆದುಕೊಂಡು ಘಾಟಬೋರಾಳಕ್ಕೆ, ಮಗಳ ಊರಿಗೆ ಹೋಗಿದ್ದನಂತೆ. ಅವನ ದನಗಳ ನಡುವೆ ನಮ್ಮ ಆಕಳೂ ಇತ್ತು, ಹಿಂದೆಯೇ ಒಂದು ಕರು. ನಾನು ಓಡಿಹೋಗಿ ಅದರ ಕೊರಳು ತಬ್ಬಿದೆ. ಮಲ್ಲಪ್ಪ ಕಾಕಾ ಹಗ್ಗವನ್ನು ಅಪ್ಪನ ಕೈಯಲ್ಲಿಟ್ಟ.

‘ಹುಸೇನಬೀ ಕೊಟ್ಟು ಹೋದಳು,’ ಎಂದ. ‘ಮಿಲ್ಟ್ರಿ ಬಂದ ಮ್ಯಾಲ ಮಂದಿಗೆ ಹುಚ್ಚು ಹಿಡೀತು. ರಜಾಕಾರರು ಮಾಡಿದ್ದಕ್ಕ ಬಡ ಸಾಬರ ಮ್ಯಾಲ ಸಿಟ್ಟು. ದಸ್ತಗೀರ ಯಾರ ತಂಟೇಕ ಹೋದಾವ ಹೇಳು? ನಸುಕಿನ್ಯಾಗ ಬಂದು ಹಗ್ಗ ನನ್ನ ಕೈಯಾಗ ಇಟ್ಟಳು. ಆ ಬಣವಿ ಯಾರಿಗೂ ಮುಟ್ಟಗೊಡಬ್ಯಾಡ್ರಿ ಕಾಕಾ, ಅವರು ಬಂದು ಬಿಚ್ಚಲಿ ಅಂದಳು. ಜೀವಾ ಹೋಗೂ ಹೊತ್ತಿನ್ಯಾಗ ಕುಳ್ಳಿನ ಚಿಂತಿ ಯಾಕವ್ವಾ ಅಂದೆ ನಾ. ನನಗೇನು ಗೊತ್ತು.’

‘ಎಲ್ಲಿಗೆ ಹೋದರು?’ ಆಯಿ ಕೇಳಿದಳು.

‘ಹೈದರಾಬಾದ ಕಡೆ ಅಂತಾರ್ರಿ.’

‘ಮುಟ್ಟಿದ ಸುದ್ದಿ ಏನರ ಬಂತಾ?’

ಮಲ್ಲಪ್ಪ ಕಾಕಾ ಆಕಳ ಬೆನ್ನು ಸವರುತ್ತ ನಿಂತ. ‘ಇಲ್ರಿ,’ ಎಂದ. ತಲೆ ಎತ್ತಲಿಲ್ಲ.

ಅಪ್ಪ ಹೋಗಿ ಹಗೇವಿನ ಚಪ್ಪಡಿಯ ಮೇಲೆ ಕುಳಿತ. ‘ಒಂದು ಸಂಜೀ ಮಟ್ಟಿಗಾದ್ರೂ ನಾ ಹಂಗ ಅಂದಕೊಂಡೆನಲ್ಲಾ’ ಎಂದ. ಸಾಯುವವರೆಗೂ ಆ ಮಾತು ಅವನ ಬಾಯಲ್ಲಿ ಬರುತ್ತಿತ್ತು. ಹೈದರಾಬಾದಿಗೆ ಹೋದವರ ಕೈಯಲ್ಲೆಲ್ಲ ಹೇಳಿ ಕಳಿಸಿದ, ತಾನೂ ಹೋಗಿ ಪಿಂಜಾರರ ಓಣಿಗಳಲ್ಲಿ ಅಡ್ಡಾಡಿ ಬಂದ. ಯಾರೂ ಕಂಡಿರಲಿಲ್ಲ.

ಹಾಗೆ ನಾವು ಊರಲ್ಲಿ ಉಳಿದೆವು. ಆ ಜೋಳ ನಮ್ಮನ್ನು ಸುಗ್ಗಿಯವರೆಗೆ ಸಾಕಿತು. ಆ ಕರು ದೊಡ್ಡದಾಗಿ ಅದರ ಕರುಗಳೂ ದೊಡ್ಡವಾದವು. ಮುಂದೆ ಎಷ್ಟೋ ಬೇಸಿಗೆಗಳಲ್ಲಿ ಮೊದಲ ಮೊರ ಹೊತ್ತುಕೊಂಡು ಹೋಗಿ ಆ ಹೊಸ್ತಿಲ ಮೇಲೆ ಸುರುವಿದೆ. ಒಂದು ಮಳೆಗಾಲಕ್ಕೆ ಆ ಮನೆ ಬಿತ್ತು, ಹೊಸ್ತಿಲೂ ಮಣ್ಣಿನಡಿ ಹೋಯಿತು. ಈಗ ಅಲ್ಲಿ ಗೊಬ್ಬರದ ಅಂಗಡಿ ಇದೆ. ಹಗೇವುಗಳನ್ನು ಊರವರೆಲ್ಲ ಮುಚ್ಚಿಸಿದರು, ನಮ್ಮದೂ ಮುಚ್ಚಿತು. ಜೋಳ ಈಗ ತಗಡಿನ ಡಬ್ಬಿಯಲ್ಲಿರುತ್ತದೆ, ರೊಟ್ಟಿ ಗ್ಯಾಸಿನ ಮೇಲೆ ಬೇಯುತ್ತದೆ. ಇದಕ್ಕೆಲ್ಲ ನನಗೆ ದುಃಖವಿಲ್ಲ. ನಾವು ಕೇಳದೆಯೇ ನಮ್ಮ ಅಂಗಳ ಕಾಯುವ ಒಂದು ಮನೆ ಪಕ್ಕದಲ್ಲಿತ್ತು. ಅಂಥ ಮನೆ ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ.

ಈಗಲೂ ಹೊಸ ಜೋಳ ಮನೆಗೆ ಬಂದ ದಿನ ಒಂದು ಮೊರ ತುಂಬಿ ಬೇರೆ ಇಡುತ್ತೇನೆ. ಈ ವರ್ಷ ಹೊಸದಾಗಿ ಬಂದ ಮೊಮ್ಮಗನ ಹೆಂಡತಿ ಅದನ್ನು ನೋಡಿ ಕೇಳಿದಳು:

‘ಇದು ಯಾರಿಗ್ರಿ ಆಯಿ?’

‘ಹುಸೇನಬೀಗೆ.’

‘ಎಲ್ಲಿರ್ತಾರ್ರಿ ಅವರು? ನಾ ಕೊಟ್ಟು ಬರ್ತೀನಿ.’

ಅವಳು ಮೊರ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಯಾವ ಕಡೆಗೆ ಕೈ ತೋರಿಸಬೇಕೋ ನನಗೆ ತಿಳಿಯಲಿಲ್ಲ.