ಐದನೇ ಕಂಟ್ರೋಲಿನಲ್ಲಿ ಹತ್ತದ ಹೆಬ್ಬೆಟ್ಟು

ಮಧ್ಯಾಹ್ನ ಎರಡೂವರೆ. "ಎಡಕ್ಕ ಹೊಳ್ಳ ಬೇ, ಎಡಕ್ಕ" ಎಂಬ ಗಂಡನ ಒದರಾಟಕ್ಕೆ ಎಚ್ಚರವಾಯಿತು. ರಾತ್ರಿಯಿಡೀ ಮಲಗದ ಮಗು ಆಗಷ್ಟೇ ತೊಟ್ಟಿಲಲ್ಲಿ ಕಣ್ಣು ಮುಚ್ಚಿತ್ತು, ಗೆಳೆಯರೇ, ಅದೂ ಎದ್ದಿತು.

ನಾದಿನಿ ಭಾರತ ತಂಡದಲ್ಲಿದ್ದಾಳೆ. ನಕಾಶೆ, ದಿಕ್ಸೂಚಿ ಹಿಡಿದು ಪರದೇಶದ ಕಾಡಿನಲ್ಲಿ ಓಡುವ ಓರಿಯೆಂಟಿಯರಿಂಗ್ ಚಾಂಪಿಯನ್‌ಶಿಪ್. ಮೊಬೈಲಿನಲ್ಲಿ ಅವಳೊಂದು ಕೆಂಪು ಚುಕ್ಕೆ. ಅದಕ್ಕೆ ದಾರಿ ಹೇಳುತ್ತಿದ್ದವರು, ಕಲಘಟಗಿಯಿಂದ ಬಮ್ಮಿಗಟ್ಟಿಗೆ ಹೋಗಲೂ ಮ್ಯಾಪ್ ಹಾಕುವ ನನ್ನ ಯಜಮಾನರು. "ಒಬ್ಬಾಕಿ ಹುಬ್ಬಳ್ಳಿಗೆ ಹೋಗಬ್ಯಾಡ, ದಾರಿ ತಪ್ತಿ" ಎಂದು ಅವಳನ್ನು ತಡೆಯುತ್ತಿದ್ದವರೂ ಇವರೇ.

ಚುಕ್ಕೆ ಗುರಿ ಮುಟ್ಟಿತು. ಹೆಸರಿನ ಮುಂದೆ ಸಮಯವೇ ಬರಲಿಲ್ಲ. "ಐದನೇ ಕಂಟ್ರೋಲ್‌ನ್ಯಾಗ ಆಕಿ ಬಂದಿದ್ದು ದಾಖಲಾಗಿಲ್ಲಂತ. ಓಟ ಲೆಕ್ಕಕ್ಕಿಲ್ಲ" ಎಂದು ಗಂಡ ಕುಸಿದರು. ಕಂಟ್ರೋಲ್ ಎಂದರೆ ಓಟಗಾರರು ಬೆರಳಿನ ಚಿಪ್ ಅನ್ನು ಯಂತ್ರಕ್ಕೆ ತಾಗಿಸುವ ಜಾಗ. ನಮ್ಮ ಅತ್ತೆಗೆ ಮಾತ್ರ ಕಂಟ್ರೋಲ್ ಎಂದರೆ ಹೆಬ್ಬೆಟ್ಟೊತ್ತಿ ಅಕ್ಕಿ ತರುವ ರೇಷನ್ ಅಂಗಡಿ.

"ಹೆಬ್ಬೆಟ್ಟು ಹತ್ತಲಿಲ್ಲೇನು? ನನಗೂ ಹೋದ ತಿಂಗಳ ಹಂಗ ಆತು. ಬುಕ್ಕಿನ್ಯಾಗ ಬರಕೋ ಅಂತ ಜಗಳಾ ತಗದೆ, ಬರಕೊಂಡ. ಆಕಿಗೂ ಜಗಳಾ ತಗಿ ಅನ್ನು" ಎಂದರು.

ಗಂಡ ನಕ್ಕರು. ಅಷ್ಟರಲ್ಲಿ ನಾದಿನಿಯ ಸಂದೇಶ: "ಮಷೀನ್ ಕೆಟ್ಟಿತ್ತು. ಬಂದಿದ್ದಕ್ಕ ಸಾಕ್ಷಿ ಇರಲಿ ಅಂತ ಅಲ್ಲೇ ಇಟ್ಟಿದ್ದ ಪಂಚ್‌ಲೆ ನಕಾಶಿಗೆ ಗುರುತಿನ ತೂತು ಹೊಡಕೊಂಡೇನಿ. ತಕರಾರು ಕೊಟ್ಟೇವಿ, ನಾಳೆ ಮುಂಜಾನೆ ಹೇಳ್ತಾರ."

ಈ ಆಟದ ನಿಯಮ ಬಲ್ಲವರಿದ್ದರೆ ದಯವಿಟ್ಟು ಬೆಳಗಾಗುವುದರೊಳಗೆ ಫೋನ್ ಮಾಡಿ. ನಿದ್ದೆ ಕೆಡುತ್ತದೆಂಬ ಸಂಕೋಚ ಬೇಡ, ಇಲ್ಲಿ ನಿದ್ದೆ ಯಾರಿಗೂ ಇಲ್ಲ. ಆದರೆ ಫೋನ್ ಗಂಡ ಎತ್ತಿದರೆ ಅತ್ತೆಗೆ ಕೊಡಲು ಹೇಳಿ, ಸರಿಯಾದ ದಾರಿ ಹೇಳಿದ್ದು ಅವರೊಬ್ಬರೇ.