ಎಡಗೈಯಲ್ಲಿ ಕಾಯಿಸಿದ ಸಿಹಿಹಾಲು

ಆಂಟಿಯ ಬಲಗೈ ತುಂಬ ಚುಕ್ಕೆ ಚುಕ್ಕೆ ಕಲೆ. ಕುದಿಯುವ ಹಾಲು ಸಿಡಿದು ಆದವು. ಹಾಲಿಗೆ ಸಕ್ಕರೆ ಹಾಕಿ, ಗಟ್ಟಿಯಾಗುವವರೆಗೆ ಸಣ್ಣ ಉರಿಯಲ್ಲಿ ತಿರುವುತ್ತ ನಿಲ್ಲುವುದು ಅವರ ಭಾನುವಾರದ ಕೆಲಸ. ಆ ಸಿಹಿಹಾಲು ಒಂದು ಚಮಚ, ಮೇಲೆ ಡಿಕಾಕ್ಷನ್, ಬಿಸಿನೀರು. ಅಷ್ಟೇ ಅವರ ಕಾಫಿ. ಅಂಗಡಿಯ ಡಬ್ಬದ ಹಾಲನ್ನು ಅವರೆದುರು ಹೊಗಳಿದವರು ಕೆಟ್ಟರು!

2001ರಲ್ಲಿ ನಾನು ಸ್ಯಾನ್ ಪೀಡ್ರೊಗೆ ಬಂದಾಗ ಅವರು ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ಮೈಸೂರಿನವರು. ಬಂದರಿನ ಆಫೀಸಿನಲ್ಲಿದ್ದ ಗಂಡ ತೀರಿಕೊಂಡಿದ್ದರು, ಮಗ ಸ್ಯಾನ್ ಡಿಯೇಗೊದಲ್ಲಿ. ಅಡುಗೆಮನೆಯಲ್ಲಿ ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆ, ಅಂಚು ಸವೆದ ಮರದ ಸೌಟು, ಕೈಯಲ್ಲಿ ತಿರುಗಿಸುವ ಕಾಫಿಬೀಜದ ಮಿಲ್ಲು. ಸ್ಟವ್ ಅಂತೂ ಅವರ ಮಗನಿಗಿಂತ ಹಳೆಯದು. ಹಾಲಿನ ಮುಂದೆ ನಿಂತರೆ ಫೋನ್ ಕೂಡ ಎತ್ತುತ್ತಿರಲಿಲ್ಲ. "ಅಷ್ಟು ಅರ್ಜೆಂಟ್ ಇದ್ರೆ ಇನ್ನೊಂದ್ಸಲ ಮಾಡ್ತಾರೆ, ಬಿಡಮ್ಮ" ಎನ್ನುತ್ತಿದ್ದರು. ಉಡುಪಿಯವಳಾದ ನನಗೇ ಕಾಫಿ ಕುಡಿಸುತ್ತಾರಾ ಎಂದು ಒಳಗೊಳಗೇ ಜಂಬವಿತ್ತು. ಮೊದಲ ಗುಟುಕಿಗೇ ಇಳಿಯಿತು.

ನಾಲ್ಕು ವರ್ಷದ ಮೇಲೆ ಅವರಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ಬಲಗೈ ಹೋಯಿತು. ಆಸ್ಪತ್ರೆಯಿಂದ ಬಂದ ಸ್ವಲ್ಪ ದಿನಕ್ಕೆ ಬಾತ್‌ರೂಮಿನಲ್ಲಿ ಜಾರಿಬಿದ್ದು, ಯಾರಿಗೂ ಹೇಳದೆ ಮುಚ್ಚಿಟ್ಟರು. ಭುಜ ಕಪ್ಪುಗಟ್ಟಿದ್ದು ನೋಡಿ ನಾನೇ ಮಗನಿಗೆ ಫೋನ್ ಮಾಡಿದೆ. ಚಾಡಿ ಹೇಳಿದ್ದಕ್ಕೆ ಚಿಕ್ಕ ಮಕ್ಕಳ ಹಾಗೆ ನನ್ನ ಜೊತೆ ಟೂ ಬಿಟ್ಟರು.

ಮಗ ಅವರನ್ನು ಕರೆದುಕೊಂಡು ಹೋಗಲೆಂದೇ ಬಂದ. ಸಾಮಾನ್ಯವಾಗಿ ಅವರಿಬ್ಬರ ಮಾತು ಉರ್ದುವಿನಲ್ಲಿ. ಅವತ್ತು ನನಗೂ ಕೇಳಿಸಲೆಂದೇ ಆಂಟಿ ಕನ್ನಡದಲ್ಲಿ ಜಗಳಕ್ಕೆ ನಿಂತರು. ಇಲ್ಲೇ ಬೆಳೆದ ಮಗನ ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಬಿದ್ದದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ ಭಯ ಎಂದು ಅವನು ಮತ್ತೆ ಮತ್ತೆ ಹೇಳಿದ.

"ಕೇಳು. ಈಗ ಹಾಲು ಕಾಯಿಸ್ತೀನಿ. ತಳ ಹಿಡೀಲಿಲ್ಲ ಅಂದ್ರೆ ನನ್ನ ಮನೇಲಿ ನಾನಿರ್ತೀನಿ. ಹಿಡಿದ್ರೆ ನಿನ್ನ ಜೊತೆ ಬರ್ತೀನಿ. ಸರೀನಾ?"

ಮಗ ಒಪ್ಪಿದ. ಆಂಟಿ ದುಪಟ್ಟಾ ಸೊಂಟಕ್ಕೆ ಸುತ್ತಿ ಎಡಗೈಯಲ್ಲಿ ಸೌಟು ಹಿಡಿದರು. ಹಾಲು ಅರ್ಧಕ್ಕೆ ಇಳಿಯುವಾಗ ಕೈ ನಡುಗತೊಡಗಿತು, ಹಣೆಯಿಂದ ಬೆವರು ಇಳಿಯಿತು. ನಾನು ಸೌಟಿಗೆ ಕೈ ಚಾಚಿದೆ.

"ಮುಟ್ಟಿದ್ರೆ ನೋಡು!"

ಕೊನೆಗೂ ಗಟ್ಟಿಯಾಯಿತು. ನಮ್ಮಿಬ್ಬರಿಗೂ ಕಾಫಿ ಕೊಟ್ಟರು. ಬಾಯಿಗಿಟ್ಟರೆ ತೆಳ್ಳಗೆ ಸೀದ ವಾಸನೆ. ಮಗನಿಗೂ ಗೊತ್ತಾಗಿರಬೇಕು, ಆದರೂ ಅಮ್ಮನ ನಡುಗುವ ಕೈ ನೋಡಿ, "ಇಟ್ಸ್ ಪರ್ಫೆಕ್ಟ್, ಅಮ್ಮಿ" ಎಂದ. ನಾನೂ ತಲೆಯಾಡಿಸಿದೆ.

ಆಂಟಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಇಬ್ರೂ ಸುಳ್ಳರು. ತಳ ಹಿಡಿದಿದೆ. ಮಾತು ಅಂದ್ರೆ ಮಾತು" ಎಂದು ರೂಮಿಗೆ ಹೋಗಿ, ಒಂದೇ ಕೈಯಲ್ಲಿ ಸೂಟ್‌ಕೇಸ್ ಎಳೆಯತೊಡಗಿದರು.

ಮಗ ಓಡಿಹೋಗಿ ಸೂಟ್‌ಕೇಸಿನ ಮೇಲೆ ಕೂತುಬಿಟ್ಟ. "ಸಾಕು, ಅಮ್ಮಿ. ತಳ ಹಿಡಿದಿದ್ದನ್ನ ನೀವೇ ಹೇಳಿದ್ರಲ್ಲ. ಇನ್ಮೇಲೆ ಬಿದ್ರೂ ಹೇಳ್ತೀರ. ಇಲ್ಲೇ ಇರಿ." ಅವನ ಬಾಯಲ್ಲಿ ಅಷ್ಟು ಕನ್ನಡ ನಾನು ಕೇಳಿದ್ದು ಅದೇ ಮೊದಲು.

ಬೇರೆಯವರಾಗಿದ್ದರೆ ಅಪ್ಪಿಕೊಂಡು ಅಳುತ್ತಿದ್ದರು. ಇವರು ಸಿಡುಕಿದರು: "ನನಗೆ ಪಾಪ ಅಂತ ಪಾಸ್ ಮಾರ್ಕ್ಸ್ ಬೇಡ. ಮುಂದಿನ ಭಾನುವಾರ ಬಾ."

ವಾರವಿಡೀ ಎಡಗೈಯಲ್ಲಿ ಹಾಲು ತಿರುವಿದರು. ಸೀದದ್ದನ್ನೆಲ್ಲ ಮುಖ ಹಿಂಡಿಕೊಂಡು ತಾವೇ ಕುಡಿದು ಮುಗಿಸಿದರು. ಭಾನುವಾರ ಮಗ ಬಂದಾಗ ಪಾತ್ರೆ ಬಗ್ಗಿಸಿ ತೋರಿಸಿದರು. ತಳ ಬೆಳ್ಳಗೆ ಹೊಳೆಯುತ್ತಿತ್ತು.

2008ರಲ್ಲಿ ಒಂದು ಬೆಳಿಗ್ಗೆ, ನಮಾಜು ಮುಗಿಸಿ ಕುರ್ಚಿಯಲ್ಲಿ ಕೂತವರು ಹಾಗೆಯೇ ಹೋಗಿಬಿಟ್ಟರು. ಮಣ್ಣು ಮಾಡಿ ಬಂದ ಮೇಲೆ ಮಗ ಬಾಗಿಲಲ್ಲಿ ನಿಂತು ಕೇಳಿದ: "ಅವತ್ತೇ ಕರ್ಕೊಂಡ್ ಹೋಗಿದ್ರೆ ಇನ್ನೂ ಇರ್ತಿದ್ರೇನೋ, ಅಲ್ವಾ?"

ಸಮಾಧಾನಕ್ಕೆ ಏನಾದರೂ ಒಳ್ಳೆಯ ಸುಳ್ಳು ಹೇಳಬಹುದಿತ್ತು. ಆಂಟಿಯ ಜೊತೆ ಏಳು ವರ್ಷ ಇದ್ದವಳಿಗೆ ಬಾಯಿ ಬರಲಿಲ್ಲ.

"ಇರ್ತಿದ್ರೇನೋ" ಎಂದೆ. "ಆದ್ರೆ ದಿನಾ ನಿಮ್ಮನ್ನ ಬೈಕೊಂಡು."

ಅವನು ನಕ್ಕ. ನಗುತ್ತ ನಗುತ್ತ ಮೆಟ್ಟಿಲ ಮೇಲೆ ಕೂತು ಅತ್ತ. ನಾನೂ ಪಕ್ಕದಲ್ಲಿ ಕೂತೆ.